ಜೋಳದ ನಾಡಿನಲ್ಲಿ ಗೋಧಿಯ ಕಾಯಿಲೆ: ದೊಡ್ಡವರ ಸೀಲಿಯಾಕ್ ಮತ್ತು ವಂಶವಾಹಿಗಳು

ರಕ್ತಹೀನತೆ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಇವರಲ್ಲಿ ಬಹುಪಾಲು ಮಂದಿಗೆ ಕಬ್ಬಿಣದ ಮಾತ್ರೆ, ಸೊಪ್ಪು, ಜಂತುಹುಳದ ಔಷಧ ಇವುಗಳಿಂದಲೇ ಗುಣ ಕಾಣುತ್ತದೆ. ಆದರೆ ಮೂರು ತಿಂಗಳು ಮಾತ್ರೆ ನುಂಗಿದರೂ ರಕ್ತ ಏರದ ಕೆಲವರು ಇದ್ದೇ ಇರುತ್ತಾರೆ. "ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ" ಎಂಬ ಬೈಗುಳ ಅವರಿಗೆ ಸಿಗುತ್ತದೆ. ಮಾತ್ರೆ ಬದಲಾಗುತ್ತದೆ, ಟಾನಿಕ್ ಬದಲಾಗುತ್ತದೆ, ಕೊನೆಗೆ ಡಾಕ್ಟರೂ ಬದಲಾಗುತ್ತಾರೆ. ರಕ್ತ ಮಾತ್ರ ಅಲ್ಲಿಯೇ ನಿಂತಿರುತ್ತದೆ.

ಸಿರುಗುಪ್ಪದ ಕಡೆಯ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ವಯಸ್ಸು ಮೂವತ್ತೈದು. ಎರಡು ಬಾರಿ ಗರ್ಭಪಾತವಾಗಿದೆ. ಸದಾ ಸುಸ್ತು, ಬಾಯಲ್ಲಿ ಆಗಾಗ ಹುಣ್ಣು, ಸೊಂಟ ಮತ್ತು ಕಾಲಿನ ಮೂಳೆಗಳಲ್ಲಿ ನೋವು. ಭೇದಿ ಇಲ್ಲ, ಹೊಟ್ಟೆನೋವೂ ಅಷ್ಟಾಗಿ ಇಲ್ಲ. ಬಳ್ಳಾರಿಯ ಬಿಸಿಲಿಗೆ ಎಲ್ಲರಿಗೂ ಸುಸ್ತೇ ಎಂದು ಸುಮ್ಮನಿರುತ್ತಾರೆ. ಈ ಚಿತ್ರದ ಹಿಂದೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಒಂದು, ನಮ್ಮ ಕಡೆ ಯಾರೂ ಮೊದಲಿಗೆ ನೆನಪಿಸಿಕೊಳ್ಳದ ಒಂದು, ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ಕೆಲವರ ಕರುಳು ತೋರುವ ವಿರೋಧವೇ ಈ ಕಾಯಿಲೆ.

ಕರಾವಳಿಯ ನಮ್ಮ ಓದುಗರಿಗೆ ಬಳ್ಳಾರಿಯ ಮಾತೇಕೆ ಎಂದು ಕೇಳಬಹುದು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ ನಮ್ಮ ಕಡೆಯ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು, ದಾದಿಯರು ಸೇವೆ ಸಲ್ಲಿಸುತ್ತಾ ಬಂದಿದ್ದಾರೆ. ಹಳ್ಳಿಯ ಚಿಕಿತ್ಸಾಲಯದಲ್ಲಿ ಕುಳಿತು ರಕ್ತಹೀನತೆಯ ಮಾತ್ರೆ ಕೊಡುವವರಲ್ಲಿ ಅವರೂ ಇದ್ದಾರೆ. ಇನ್ನೊಂದು ಕಾರಣವೂ ಇದೆ. ಗೋಧಿಯ ಕಾಯಿಲೆ ಎಂದಮೇಲೆ ಅದು ಪರಮಪ್ರಸಾದದ ಓಸ್ತಿಯನ್ನೂ ಮುಟ್ಟುತ್ತದೆ. ಆ ವಿಷಯವನ್ನು ಲೇಖನದ ಕೊನೆಯಲ್ಲಿ ನೋಡೋಣ.

ಗೋಧಿಯೇ ಕಾರಣ ಎಂದು ತಿಳಿದದ್ದು ಹೇಗೆ?

ಕಾಯಿಲೆಯ ಸ್ಪಷ್ಟ ವರ್ಣನೆಯನ್ನು 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಬರೆದರು. ಆಹಾರದಲ್ಲೇ ಮದ್ದಿದೆ ಎಂದು ಅವರಿಗೆ ಅನಿಸಿತ್ತು, ಆದರೆ ಯಾವ ಆಹಾರ ಎಂದು ತಿಳಿಯಲಿಲ್ಲ. ಅದು ತಿಳಿದದ್ದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ತೀವ್ರ ಬರ ಬಂತು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಗೋಧಿಯ ಮೇಲೆ ಅವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು. 1950ರ ತಮ್ಮ ಪ್ರಬಂಧದಲ್ಲಿ ಅದನ್ನು ಅವರು ಪ್ರಕಟಿಸಿದರು. ಹಸಿವು ಒಂದು ರೋಗದ ಗುಟ್ಟನ್ನು ಬಿಚ್ಚಿಟ್ಟ ಅಪರೂಪದ ಪ್ರಸಂಗ ಇದು.

ಹಾಗಾದರೆ ಕೋಟ್ಯಂತರ ಜನ ಗೋಧಿ ತಿಂದು ಸುಖವಾಗಿರುವಾಗ ಕೆಲವರಿಗೆ ಮಾತ್ರ ಏಕೆ ಹೀಗೆ? ಉತ್ತರ ವಂಶವಾಹಿಗಳಲ್ಲಿದೆ, ಅಂದರೆ ಇಂಗ್ಲಿಷಿನವರು ಜೀನ್ ಎನ್ನುವುದರಲ್ಲಿ. ಬಳ್ಳಾರಿಯವರಿಗೆ ಜೀನ್ಸ್ ಎಂದರೆ ಬೇರೆ ನೆನಪಾಗುತ್ತದೆ. ಆ ಊರಿನ ಸಾವಿರಾರು ಕೈಗಳು ಜೀನ್ಸ್ ಪ್ಯಾಂಟ್ ಹೊಲಿದೇ ಬದುಕುತ್ತವೆ. ಆ ಹೊಲಿಗೆಯ ಹೋಲಿಕೆಯನ್ನೇ ಇಲ್ಲಿ ಬಳಸಿಕೊಳ್ಳೋಣ.

ಗುಂಡಿ ಮತ್ತು ಕಾಜ

ಗ್ಲುಟೆನ್ ನಮ್ಮ ಹೊಟ್ಟೆಯಲ್ಲಿ ಪೂರ್ತಿ ಜೀರ್ಣವಾಗುವುದಿಲ್ಲ. ಅದರ ಕೆಲವು ತುಣುಕುಗಳು ಹಾಗೆಯೇ ಸಣ್ಣ ಕರುಳಿಗೆ ಬರುತ್ತವೆ. ಇದು ಎಲ್ಲರಲ್ಲೂ ಆಗುತ್ತದೆ. ಈ ತುಣುಕುಗಳನ್ನು ಗುಂಡಿಗಳು ಎಂದುಕೊಳ್ಳಿ. ಕರುಳಿನ ಗೋಡೆಯಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಇದೆ. ಅದು ಗುಂಡಿಯ ಅಂಚನ್ನು ಸ್ವಲ್ಪ ತಿದ್ದುತ್ತದೆ, ಅಂದರೆ ಅದಕ್ಕೆ ಋಣ ವಿದ್ಯುದಂಶ ಕೊಡುತ್ತದೆ. ಅಲ್ಲೇ ಕಾವಲಿರುವ ರಕ್ಷಣಾ ಕಣಗಳ ಮೈಮೇಲೆ ಎಚ್‌ಎಲ್‌ಎ ಎಂಬ ಕಾಜಗಳಿವೆ. ಯಾವ ಆಕಾರದ ಕಾಜ ಎಂಬುದನ್ನು ತಂದೆ ತಾಯಿಯಿಂದ ಬಂದ ವಂಶವಾಹಿ ನಿರ್ಧರಿಸುತ್ತದೆ. ಹೆಚ್ಚಿನ ಕಾಜಗಳಲ್ಲಿ ಗ್ಲುಟೆನ್ ಗುಂಡಿ ನಿಲ್ಲುವುದೇ ಇಲ್ಲ. ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ಎರಡು ಬಗೆಯ ಕಾಜಗಳಲ್ಲಿ ಮಾತ್ರ ಸರಿಯಾಗಿ ಕುಳಿತುಬಿಡುತ್ತದೆ. ಕುಳಿತ ಗುಂಡಿಯನ್ನು ಕಂಡ ಟಿ ಕಣಗಳು ಶತ್ರು ಬಂದನೆಂದು ತಿಳಿದು ದಾಳಿ ಮಾಡುತ್ತವೆ. ಆ ದಾಳಿಯಲ್ಲಿ ಹಾಳಾಗುವುದು ನಮ್ಮದೇ ಕರುಳು.

ಈ ಕಾಜಗಳ ವಂಶವಾಹಿ ಆರನೆಯ ವರ್ಣತಂತುವಿನಲ್ಲಿದೆ. ಡಿಕ್ಯೂ2ಕ್ಕೂ ಸೀಲಿಯಾಕ್‌ಗೂ ಇರುವ ನೇರ ನಂಟನ್ನು 1989ರಲ್ಲಿ ನಾರ್ವೆಯ ಲುಡ್ವಿಗ್ ಸೊಲ್ಲಿಡ್ ಮತ್ತು ಸಂಗಡಿಗರು ತೋರಿಸಿದರು. ಯುರೋಪಿನ ರೋಗಿಗಳಲ್ಲಿ ಸುಮಾರು ಶೇಕಡಾ 90 ಮಂದಿಯಲ್ಲಿ ಡಿಕ್ಯೂ2.5 ಎಂಬ ಬಗೆ ಕಾಣುತ್ತದೆ. ಉಳಿದವರಲ್ಲಿ ಹೆಚ್ಚಿನವರಲ್ಲಿ ಡಿಕ್ಯೂ8 ಇರುತ್ತದೆ. ಇವೆರಡೂ ಇಲ್ಲದವರಿಗೆ ಈ ಕಾಯಿಲೆ ಬರುವುದು ತೀರಾ ಅಪರೂಪ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಡಿಕ್ಯೂ2.5 ಕಾಜಕ್ಕೆ ಎರಡು ತುಂಡುಗಳಿವೆ. ಕೆಲವರಿಗೆ ಎರಡೂ ತುಂಡು ಒಬ್ಬ ಹೆತ್ತವರಿಂದಲೇ ಬರುತ್ತವೆ. ಇನ್ನು ಕೆಲವರಿಗೆ ಒಂದು ತುಂಡು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದು ಮಗುವಿನಲ್ಲಿ ಜೋಡಣೆಯಾಗುತ್ತದೆ. ಹಾಗಾಗಿ ತಂದೆ ತಾಯಿ ಇಬ್ಬರಲ್ಲೂ ಪೂರ್ತಿ ಡಿಕ್ಯೂ2.5 ಇಲ್ಲದಿದ್ದರೂ ಮಗುವಿನಲ್ಲಿ ಅದು ಇರಬಹುದು. "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ಇವಳಿಗೆ ಎಲ್ಲಿಂದ ಬಂತು" ಎಂಬ ಮಾತು ಕೇಳಿದಾಗ ಇದನ್ನು ನೆನಪಿಡಬೇಕು. ಸೊಸೆಯ ತವರನ್ನು ದೂಷಿಸುವ ಮುನ್ನವಂತೂ ನೆನಪಿಡಬೇಕು.

ಭೇದಿ ಇಲ್ಲದೆ ಬರುವ ಕರುಳಿನ ರೋಗ

ಮಕ್ಕಳಲ್ಲಿ ಈ ಕಾಯಿಲೆ ಗುರುತಿಸುವುದು ಸ್ವಲ್ಪ ಸುಲಭ: ಹೊಟ್ಟೆ ಉಬ್ಬರ, ದುರ್ವಾಸನೆಯ ಭೇದಿ, ಬೆಳವಣಿಗೆ ಕುಂಠಿತ. ದೊಡ್ಡವರಲ್ಲಿ ಅದು ವೇಷ ಬದಲಿಸಿ ಬರುತ್ತದೆ. ಕಾರಣ ಸರಳ. ದಾಳಿ ಮೊದಲು ಮತ್ತು ಹೆಚ್ಚಾಗಿ ನಡೆಯುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಅಲ್ಲಿ ಕಂಬಳಿಯ ನೂಲಿನಂತೆ ಎದ್ದು ನಿಂತಿರುವ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಮುಖ್ಯವಾಗಿ ಇದೇ ಜಾಗದಲ್ಲಿ. ಕ್ಯಾಲ್ಸಿಯಂ ಕೂಡ ಇಲ್ಲೇ. ಕೆಳಗಿನ ಕರುಳು ಚೆನ್ನಾಗಿದ್ದರೆ ಉಳಿದ ಆಹಾರವನ್ನು ಅದು ಹೇಗೋ ಸಂಭಾಳಿಸುತ್ತದೆ, ಆದ್ದರಿಂದ ಭೇದಿ ಇಲ್ಲ, ತೂಕವೂ ಅಷ್ಟು ಇಳಿಯುವುದಿಲ್ಲ. ಕಬ್ಬಿಣದ ಕೊರತೆ ಮಾತ್ರ ಉಳಿಯುತ್ತದೆ. ಮಾತ್ರೆಯಲ್ಲಿ ಕೊಟ್ಟ ಕಬ್ಬಿಣವೂ ಅದೇ ಹಾಳಾದ ಜಾಗದಿಂದಲೇ ಒಳಗೆ ಹೋಗಬೇಕಷ್ಟೆ. ಮಾತ್ರೆಗೆ ರಕ್ತ ಏರದಿರುವುದಕ್ಕೆ ರೋಗಿಯ ಸೋಮಾರಿತನ ಕಾರಣವಲ್ಲ.

ಇದಲ್ಲದೆ ಮೂಳೆ ಸವೆತ, ಬಂಜೆತನ, ಪದೇ ಪದೇ ಗರ್ಭಪಾತ, ಬಾಯಿಹುಣ್ಣು, ಲಿವರ್ ಪರೀಕ್ಷೆಯಲ್ಲಿ ಏರುಪೇರು, ಕೈಕಾಲು ಜೋಮು, ನಡೆಯುವಾಗ ತೂರಾಟ, ಮೊಣಕೈ ಮೊಣಕಾಲುಗಳ ಮೇಲೆ ತುರಿಕೆಯ ಗುಳ್ಳೆ, ಇವೆಲ್ಲವೂ ದೊಡ್ಡವರ ಸೀಲಿಯಾಕ್‌ನ ಮುಖಗಳೇ.

ಒಂದೇ ಕಾಯಿಲೆ ಒಬ್ಬರಲ್ಲಿ ಹೀಗೆ, ಇನ್ನೊಬ್ಬರಲ್ಲಿ ಹಾಗೆ ಏಕೆ ಕಾಣುತ್ತದೆ? ವಂಶವಾಹಿಗಳ ಎರಡನೆಯ ಪಾತ್ರ ಇಲ್ಲಿದೆ. ಡಿಕ್ಯೂ2.5 ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ರಕ್ಷಣಾ ಕಣದ ಮೇಲೆ ಗ್ಲುಟೆನ್ ಹಿಡಿಯುವ ಕಾಜಗಳು ಹೆಚ್ಚು, ದಾಳಿಯೂ ಹೆಚ್ಚು. ಒಂದೇ ಪ್ರತಿ ಇರುವವರಿಗಿಂತ ಇವರಿಗೆ ಕಾಯಿಲೆ ಬರುವ ಸಾಧ್ಯತೆ ಹಲವು ಪಟ್ಟು ಅಧಿಕ. ಫಿನ್ಲೆಂಡಿನಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂತಹ ಎರಡು ಪ್ರತಿಯವರಿಗೆ ಕಾಯಿಲೆ ಬೇಗ ಆರಂಭವಾಗಿತ್ತು, ಕರುಳಿನ ಹಾನಿ ಹೆಚ್ಚಿತ್ತು, ಹಿಮೋಗ್ಲೋಬಿನ್ ಕಡಿಮೆ ಇತ್ತು, ಗೋಧಿ ಬಿಟ್ಟ ಮೇಲೂ ಕರುಳು ನಿಧಾನವಾಗಿ ಮಾಗಿತು. ಆಹಾರ ಪಥ್ಯಕ್ಕೂ ಬಗ್ಗದೆ, ಅಪರೂಪಕ್ಕೆ ಕರುಳಿನ ಕ್ಯಾನ್ಸರಿನವರೆಗೆ ಹೋಗುವ ಗಂಭೀರ ಬಗೆಯಲ್ಲೂ ಎರಡು ಪ್ರತಿಯವರೇ ಹೆಚ್ಚು ಕಾಣುತ್ತಾರೆ. ಆದರೆ ಎರಡು ಪ್ರತಿ ಇದ್ದವರಿಗೆಲ್ಲ ಲಕ್ಷಣ ಜೋರು ಎಂದು ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಒಪ್ಪಿಲ್ಲ. ದೊಡ್ಡವರ ವಿಷಯದಲ್ಲಂತೂ ಈ ನಂಟು ಸಡಿಲ.

ಎಚ್‌ಎಲ್‌ಎ ಹೊರತಾಗಿ ಇನ್ನೂ 40ಕ್ಕೂ ಹೆಚ್ಚು ವಂಶವಾಹಿ ತಾಣಗಳು ಈ ಕಾಯಿಲೆಗೆ ಸ್ವಲ್ಪ ಸ್ವಲ್ಪ ಕೊಡುಗೆ ನೀಡುತ್ತವೆ ಎಂದು ತಿಳಿದಿದೆ. ಅವುಗಳಲ್ಲಿ ಹಲವು ಥೈರಾಯ್ಡ್ ತೊಂದರೆ ಮತ್ತು ಟೈಪ್ 1 ಮಧುಮೇಹಕ್ಕೂ ಸಂಬಂಧಪಟ್ಟವು. ಒಂದೇ ಮನೆಯಲ್ಲಿ ಅಕ್ಕನಿಗೆ ಥೈರಾಯ್ಡ್, ತಮ್ಮನಿಗೆ ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ, ತಂಗಿಗೆ ಸೀಲಿಯಾಕ್ ಬರುವುದು ಇದರಿಂದಲೇ. ರಕ್ತಹೀನತೆಯ ವಿಷಯದಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. ದೇಹ ಎಷ್ಟು ಕಬ್ಬಿಣ ಹೀರಬೇಕು ಎಂಬುದನ್ನು ನಿಯಂತ್ರಿಸುವಲ್ಲಿ ಟಿಎಂಪಿಆರ್‌ಎಸ್‌ಎಸ್6 ಎಂಬ ವಂಶವಾಹಿಯ ಪಾತ್ರವಿದೆ. ಅದರ ಒಂದು ಸಾಮಾನ್ಯ ಮಾರ್ಪಾಡು ಇರುವ ಸೀಲಿಯಾಕ್ ರೋಗಿಗಳಲ್ಲಿ ಕಬ್ಬಿಣದ ಕೊರತೆ ಹೆಚ್ಚು ಹಠ ಹಿಡಿಯುತ್ತದೆ ಎಂದು ಇಟಲಿಯ ಸಂಶೋಧಕರು ತೋರಿಸಿದ್ದಾರೆ. ಅಂದರೆ ಕಾಯಿಲೆ ತರುವ ವಂಶವಾಹಿ ಒಂದಾದರೆ, ಅದು ಯಾವ ವೇಷದಲ್ಲಿ ಬರಬೇಕು ಎಂಬುದರಲ್ಲಿ ಬೇರೆ ವಂಶವಾಹಿಗಳ ಕೈವಾಡವೂ ಇದೆ.

ಎಲ್ಲವೂ ವಂಶವಾಹಿಯೇ ಎಂದು ತಿಳಿಯುವುದೂ ತಪ್ಪು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ತದ್ರೂಪ. ಆದರೂ ಒಬ್ಬರಿಗೆ ಸೀಲಿಯಾಕ್ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳಿವೆ. 2000ದಲ್ಲಿ ಫಿನ್ಲೆಂಡಿನಿಂದ ಬಂದ ವರದಿಯಲ್ಲಿ ಅವಳಿಗಳಲ್ಲಿ ಒಬ್ಬರಿಗೆ ಚರ್ಮದ ಗುಳ್ಳೆಯಾಗಿ, ಇನ್ನೊಬ್ಬರಿಗೆ ಕರುಳಿನ ಕಾಯಿಲೆಯಾಗಿ ಕಾಣಿಸಿಕೊಂಡ ಉದಾಹರಣೆಗಳಿದ್ದವು. ಒಂದೇ ಬೀಜ, ಎರಡು ಬೆಳೆ.

ದಕ್ಷಿಣದಲ್ಲಿ ವಂಶವಾಹಿ ಇದೆ, ಕಾಯಿಲೆ ಏಕೆ ಕಡಿಮೆ?

ಸೀಲಿಯಾಕ್ ಪಂಜಾಬ್, ಹರಿಯಾಣದವರ ಕಾಯಿಲೆ, ನಮ್ಮ ಜನಕ್ಕೆ ಬರುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಅದಕ್ಕೆ ಕಾರಣವೂ ಇತ್ತು. ದಕ್ಷಿಣದಲ್ಲಿ ದೊಡ್ಡವರಿಗೆ ಆಹಾರ ಮೈಗೆ ಹತ್ತದಿದ್ದರೆ ಮೊದಲು ನೆನಪಾಗುತ್ತಿದ್ದುದು ಟ್ರಾಪಿಕಲ್ ಸ್ಪ್ರೂ. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥನ್ ಸುತ್ತಲಿನ ಹಳ್ಳಿಗಳಲ್ಲಿ ಅದು ಸಾಂಕ್ರಾಮಿಕವಾಗಿ ಹಬ್ಬಿದ್ದನ್ನು ದಾಖಲಿಸಿದ್ದರು. ಅದರ ಜೊತೆಗೆ ಕರುಳಿನ ಕ್ಷಯ. ಇವೆರಡರ ನೆರಳಿನಲ್ಲಿ ಸೀಲಿಯಾಕ್ ಯಾರ ಕಣ್ಣಿಗೂ ಬೀಳಲಿಲ್ಲ.

2016ರಲ್ಲಿ ಅದೇ ವೆಲ್ಲೂರಿನ ಬಿ. ಎಸ್. ರಾಮಕೃಷ್ಣ, ದೆಹಲಿಯ ಗೋವಿಂದ ಮಖಾರಿಯಾ ಮೊದಲಾದವರು ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿದರು. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ವಯಸ್ಕರ ರಕ್ತವನ್ನು ಪರೀಕ್ಷಿಸಲಾಗಿತ್ತು. ಸೀಲಿಯಾಕ್‌ನ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಕಂಡವು. ವಂಶವಾಹಿಯ ಲೆಕ್ಕ ಮಾತ್ರ ಬೇರೆಯೇ ಇತ್ತು. ಡಿಕ್ಯೂ2 ಅಥವಾ ಡಿಕ್ಯೂ8 ಉತ್ತರದಲ್ಲಿ ಶೇ. 38.1, ಈಶಾನ್ಯದಲ್ಲಿ ಶೇ. 31.4, ದಕ್ಷಿಣದಲ್ಲಿ ಶೇ. 36.4 ಮಂದಿಯಲ್ಲಿತ್ತು. ಉತ್ತರ, ದಕ್ಷಿಣಗಳ ನಡುವೆ ವಂಶವಾಹಿಯಲ್ಲಿ ಹೆಚ್ಚಿನ ಅಂತರವೇ ಇಲ್ಲ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ದಿನಕ್ಕೆ ಸರಾಸರಿ ಗೋಧಿ ಸೇವನೆ ಉತ್ತರದಲ್ಲಿ 455 ಗ್ರಾಂ, ಈಶಾನ್ಯದಲ್ಲಿ 37 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಈಶಾನ್ಯದವರು ನಮ್ಮಂತೆಯೇ ಅನ್ನ ತಿನ್ನುವವರು, ಗೋಧಿ ನಮಗಿಂತ ಸ್ವಲ್ಪವೇ ಹೆಚ್ಚು. ಆದರೂ ಅಲ್ಲಿ ಪ್ರತಿಕಾಯ ಎಂಟು ಪಟ್ಟಿಗಿಂತ ಹೆಚ್ಚು ಕಂಡಿದೆ. ಆದ್ದರಿಂದ ಗೋಧಿಯ ತೂಕವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ನನಗೆ ಮುಖ್ಯವೆನಿಸುವುದು ಇಷ್ಟು: ದಕ್ಷಿಣದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಆ ಕಾಜವನ್ನು ಹೊತ್ತೇ ಹುಟ್ಟಿದ್ದಾರೆ. ಇಷ್ಟು ಕಾಲ ಗುಂಡಿ ಬರುತ್ತಿದ್ದುದು ಕಡಿಮೆ.

ಬಳ್ಳಾರಿಯ ತಟ್ಟೆ

ಬಳ್ಳಾರಿ ಸೀಮೆಯ ಕಪ್ಪು ಮಣ್ಣಿನ ಹಳೆಯ ಊಟ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ. 1953ರಿಂದ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಸಿರುಗುಪ್ಪದ ಹೊಲಗಳು ಭತ್ತದ ಗದ್ದೆಗಳಾದವು, ರೊಟ್ಟಿಯ ಪಕ್ಕಕ್ಕೆ ಅನ್ನವೂ ಬಂತು. ಕುರುಗೋಡಿನ ಕಡೆ ಹತ್ತಿ, ಮೆಣಸಿನಕಾಯಿ ಬೆಳೆದರೂ ಮನೆಯೊಳಗಿನ ಊಟ ರೊಟ್ಟಿಯೇ. ಜೋಳ, ಸಜ್ಜೆ, ನವಣೆ, ಅಕ್ಕಿ ಯಾವುದರಲ್ಲೂ ಸೀಲಿಯಾಕ್ ತರುವ ಗ್ಲುಟೆನ್ ಇಲ್ಲ. ಬಳ್ಳಾರಿಯ ಬೆಳಗಿನ ಒಗ್ಗರಣೆ ಮಂಡಕ್ಕಿಯೂ ಅಕ್ಕಿಯದೇ, ಜೊತೆಗಿನ ಮಿರ್ಚಿ ಕಡಲೆಹಿಟ್ಟಿನದು. ಅಜ್ಜಿಯರು ತಿಳಿಯದೆಯೇ ಪಥ್ಯದಲ್ಲಿದ್ದರು ಎನ್ನಬಹುದು.

ಈಗ ತಟ್ಟೆ ಬದಲಾಗುತ್ತಿದೆ. ಸಕ್ಕರೆ ಕಾಯಿಲೆ ಬಂದವರಿಗೆ "ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ" ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ರೊಟ್ಟಿ ಬಡಿಯಲು ಬಾರದ ಹೊಸ ಸೊಸೆಗೆ ಚಪಾತಿ ಸುಲಭ. ಬೆಳಿಗ್ಗೆ ರವೆ ಉಪ್ಪಿಟ್ಟು, ಸಂಜೆ ಬೇಕರಿಯ ಬನ್ನು, ಬಸ್‌ಸ್ಟ್ಯಾಂಡಿನಲ್ಲಿ ಪರೋಟ, ಮಕ್ಕಳಿಗೆ ನೂಡಲ್ಸ್. ಜೋಳದ ರೊಟ್ಟಿ ತಿಂದು ಐವತ್ತು ವರ್ಷ ಕಳೆದವರು ದಿನವೂ ಗೋಧಿ ತಿನ್ನತೊಡಗುತ್ತಾರೆ. ಸೀಲಿಯಾಕ್ ಬಾಲ್ಯದಲ್ಲೇ ಬರಬೇಕೆಂದಿಲ್ಲ. ಅರವತ್ತರಲ್ಲೂ ಬರುತ್ತದೆ. ಕರಾವಳಿಯವರೂ ಇದಕ್ಕೆ ಹೊರತಲ್ಲ: ಸಾನ್ನ, ಕುಚ್ಚಲಕ್ಕಿ ಅನ್ನ, ನೀರುದೋಸೆಯ ನಾಡು ನಮ್ಮದಾದರೂ ಬೇಕರಿ ಇಲ್ಲದ ಬೀದಿ ಈಗ ಎಲ್ಲಿದೆ? ಕ್ರಿಸ್ಮಸ್ ಕುಸ್ವಾರಿನಲ್ಲಿ ಗುಳಿಯೊ ಅಕ್ಕಿಯದು, ಆದರೆ ಕಿಡಿಯೊ, ನೆವರ್ಯೊ ಮೈದಾದವು.

ಇದನ್ನು ಓದಿ ಯಾರೂ ಹೆದರಿ ಗೋಧಿ ಬಿಡಬೇಕಾಗಿಲ್ಲ. ಆ ವಂಶವಾಹಿ ಇದ್ದವರಲ್ಲೂ ನೂರಕ್ಕೆ ಕೆಲವೇ ಮಂದಿಗೆ ಮಾತ್ರ ಕಾಯಿಲೆ ಬರುತ್ತದೆ.

ಪರೀಕ್ಷೆಯ ಮೊದಲು ಗೋಧಿ ಬಿಡಬೇಡಿ

ಅನುಮಾನ ಬಂದರೆ ಮೊದಲ ಪರೀಕ್ಷೆ ರಕ್ತದಲ್ಲಿ ಟಿಟಿಜಿ ಐಜಿಎ ಎಂಬ ಪ್ರತಿಕಾಯವನ್ನು ನೋಡುವುದು. ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಬೇಕು, ಏಕೆಂದರೆ ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇದ್ದು ಪರೀಕ್ಷೆ ಸುಳ್ಳು ಹೇಳುತ್ತದೆ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಸಿರುಗುಪ್ಪ, ಕುರುಗೋಡಿನವರು ಯಾವ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ವೈದ್ಯರ ಬಳಿ ಮೊದಲೇ ಕೇಳಿಕೊಂಡು ಹೊರಟರೆ ಒಂದು ದಿನದ ಕೂಲಿ ಉಳಿಯುತ್ತದೆ. ರಕ್ತದಲ್ಲಿ ಪ್ರತಿಕಾಯ ಕಂಡರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಸಣ್ಣ ಚೂರುಗಳನ್ನು ತೆಗೆದು ನೋಡುತ್ತಾರೆ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಒಂದಿದೆ. ಯಾರೋ ಹೇಳಿದರೆಂದು ಗೋಧಿ ಬಿಟ್ಟು, ಸ್ವಲ್ಪ ಆರಾಮ ಎನಿಸಿ, ಆಮೇಲೆ ಪರೀಕ್ಷೆಗೆ ಹೋಗುವುದು. ಗೋಧಿ ಬಿಟ್ಟರೆ ಪ್ರತಿಕಾಯ ಇಳಿಯುತ್ತದೆ, ಕರುಳು ಮಾಗುತ್ತದೆ, ಪರೀಕ್ಷೆ ಏನೂ ಇಲ್ಲ ಎನ್ನುತ್ತದೆ. ಜೋಳವನ್ನೇ ಹೆಚ್ಚು ತಿನ್ನುವ ಮನೆಯಲ್ಲಿ ಈ ಗೊಂದಲ ಇನ್ನೂ ಸುಲಭವಾಗಿ ಆಗುತ್ತದೆ. ಆದ್ದರಿಂದ ತಾವು ದಿನಕ್ಕೆ ಎಷ್ಟು ಗೋಧಿ ತಿನ್ನುತ್ತೇವೆ ಎಂಬುದನ್ನು ವೈದ್ಯರಿಗೆ ಹೇಳಲೇಬೇಕು.

ಜೀನ್ ಪರೀಕ್ಷೆ ಯಾವಾಗ? ಅದರ ಬಲ "ಇಲ್ಲ" ಎನ್ನುವುದರಲ್ಲಿದೆ. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಅಲ್ಲ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಇದ್ದರೆ? ಮೂವರಲ್ಲಿ ಒಬ್ಬರಿಗೆ ಇರುವುದು ನಿಮಗೂ ಇದೆ, ಅಷ್ಟೇ. ಹೀಗಾಗಿ ಈ ಪರೀಕ್ಷೆ ಎಲ್ಲರಿಗೂ ಬೇಡ. ಗೋಧಿಯನ್ನು ಮೊದಲೇ ಬಿಟ್ಟುಬಿಟ್ಟವರಲ್ಲಿ, ರಕ್ತ ಪರೀಕ್ಷೆ ಒಂದು, ಕರುಳಿನ ಪರೀಕ್ಷೆ ಇನ್ನೊಂದು ಹೇಳಿದಾಗ, ರೋಗಿಯ ಮಕ್ಕಳನ್ನು ಪದೇ ಪದೇ ಪರೀಕ್ಷಿಸಬೇಕೋ ಬೇಡವೋ ಎಂದು ತಿಳಿಯಲು ಅದು ಉಪಯುಕ್ತ. "ಜೀನ್ ಪಾಸಿಟಿವ್" ಎಂಬ ಕಾಗದ ಹಿಡಿದು ಹುಡುಗಿಯ ಮದುವೆ ಮಾತುಕತೆ ಮುರಿಯುವುದು ಶುದ್ಧ ಅಜ್ಞಾನ. ಮುರಿಯುವವರ ಮನೆಯಲ್ಲೂ ಅದೇ ಜೀನ್ ಇರುವ ಸಾಧ್ಯತೆ ಕಡಿಮೆಯೇನಲ್ಲ.

ಒಬ್ಬರಿಗೆ ಕಾಯಿಲೆ ಖಚಿತವಾದರೆ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಲಕ್ಷಣ ಇಲ್ಲದಿದ್ದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. 2015ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಇಂತಹ ಹತ್ತಿರದ ಸಂಬಂಧಿಕರಲ್ಲಿ ಸುಮಾರು ಶೇ. 7.5 ಮಂದಿಗೆ ಕಾಯಿಲೆ ಕಂಡಿತ್ತು. ಒಡಹುಟ್ಟಿದವರಲ್ಲಿ ಇದು ಇನ್ನೂ ಹೆಚ್ಚು. ಗ್ರಾಮದ ಆರೋಗ್ಯ ಕಾರ್ಯಕರ್ತೆಯರು ನೆನಪಿಡಬೇಕಾದ ಮಾತು ಇದು: ಅಕ್ಕನಿಗೆ ಸೀಲಿಯಾಕ್ ಎಂದು ತಿಳಿದ ಮೇಲೆ ತಂಗಿಯ ರಕ್ತಹೀನತೆಗೆ ಬರೀ ಮಾತ್ರೆ ಕೊಟ್ಟು ಕಳಿಸುವಂತಿಲ್ಲ.

ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟೆನ್ ಬಿಡುವುದು. ಬಳ್ಳಾರಿಯಲ್ಲಿ ಇದು ದೆಹಲಿಗಿಂತ ಎಷ್ಟೋ ಸುಲಭ, ಅಜ್ಜಿಯ ಅಡುಗೆಗೆ ಮರಳಿದರಾಯಿತು. ಆದರೆ ಎರಡು ಮೂರು ಕಡೆ ಮೋಸ ಹೋಗುತ್ತೇವೆ. ಮೊದಲನೆಯದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಜೋಳದ ಹಿಟ್ಟಿನಲ್ಲೂ ಗೋಧಿ ಸೇರುತ್ತದೆ. ಜೋಳವನ್ನೇ ಬೀಸುವ ಗಿರಣಿ ಹುಡುಕಬೇಕು, ಇಲ್ಲವೇ ಮನೆಯಲ್ಲೇ ಬೀಸಿಕೊಳ್ಳಬೇಕು. ಎರಡನೆಯದು ಇಂಗು. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆತಿರುತ್ತದೆ, ಲೇಬಲ್ ಓದಬೇಕು. ಮೂರನೆಯದು "ಜವಾರಿ ಗೋಧಿ, ಖಪ್ಲಿ ಗೋಧಿ ಆಗುತ್ತದೆ" ಎಂಬ ಮಾತು. ಆಗುವುದಿಲ್ಲ. ಹಳೆಯ ತಳಿಯ ಗೋಧಿಯಲ್ಲೂ ಗ್ಲುಟೆನ್ ಇದೆ. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬ ನಿಯಮ ನಮ್ಮ ದೇಶದಲ್ಲಿದೆ.

ಬಲಿಪೂಜೆಯ ಓಸ್ತಿ

ಮೇಲಿನ ಮಾತುಗಳನ್ನು ಯಾವ ವೈದ್ಯರೂ ಹೇಳಬಹುದು. ಇದನ್ನು ಮಾತ್ರ ಧರ್ಮಕೇಂದ್ರದವರೇ ಹೇಳಬೇಕು. ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದಂತೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ದೇಹಕ್ಕೆ ಹೋದರೆ ಸೀಲಿಯಾಕ್ ರೋಗಿಯ ಕರುಳಿಗೆ ಹಾನಿಯಾಗುತ್ತದೆ. ಇಷ್ಟು ಸಣ್ಣ ಪ್ರಮಾಣದ ಮಾತು ಬಂದಾಗ ಓಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಪ್ರತಿದಿನ ಬಲಿಪೂಜೆಗೆ ಬರುವವರ, ಧರ್ಮಭಗಿನಿಯರ ವಿಷಯದಲ್ಲಿ ವಿಶೇಷವಾಗಿ.

ಧರ್ಮಸಭೆಯ ಕಾನೂನು ಸಂಹಿತೆಯ 924ನೇ ನಿಯಮದಂತೆ ಓಸ್ತಿ ಗೋಧಿಯದ್ದೇ ಆಗಿರಬೇಕು. ಅಕ್ಕಿಯ ಅಥವಾ ಜೋಳದ ಓಸ್ತಿ ಮಾಡಬಹುದಲ್ಲ ಎಂದು ಸದುದ್ದೇಶದಿಂದ ಕೇಳುವವರಿದ್ದಾರೆ. ಅದು ಸಾಧ್ಯವಿಲ್ಲ. ವಿಶ್ವಾಸ ಸಿದ್ಧಾಂತದ ಆಯೋಗ 1995ರಲ್ಲಿ, ಮತ್ತೆ 2003ರ ಜುಲೈ 24ರಂದು ಈ ಬಗ್ಗೆ ಸ್ಪಷ್ಟ ಪತ್ರ ಕಳಿಸಿದೆ. 2017ರಲ್ಲಿ ದೈವಾರಾಧನೆಯ ಆಯೋಗವೂ ಅದನ್ನೇ ನೆನಪಿಸಿತು. ಗ್ಲುಟೆನ್ ಸ್ವಲ್ಪವೂ ಇಲ್ಲದ ಓಸ್ತಿ ಸಂಸ್ಕಾರಕ್ಕೆ ಸಲ್ಲದು. ಆದರೆ ಬೇರೇನೂ ಬೆರೆಸದೆ ರೊಟ್ಟಿಯಾಗಲು ಬೇಕಾದಷ್ಟು ಮಾತ್ರ ಗ್ಲುಟೆನ್ ಉಳಿಸಿದ ಗೋಧಿಯ ಓಸ್ತಿ ಸಲ್ಲುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಕ್ಲೈಡ್ ಎಂಬಲ್ಲಿನ ಬೆನೆಡಿಕ್ಟಿನ್ ಭಗಿನಿಯರು ಹಲವು ವರ್ಷ ಪ್ರಯತ್ನಿಸಿ ಶೇ. 0.01ರಷ್ಟು ಮಾತ್ರ ಗ್ಲುಟೆನ್ ಇರುವ ಓಸ್ತಿಯನ್ನು ತಯಾರಿಸಿದರು. ಇಂತಹ ಓಸ್ತಿ ಬಳಸಲು ಒಬ್ಬ ವ್ಯಕ್ತಿಗೆ ಅನುಮತಿ ಕೊಡುವ ಅಧಿಕಾರ ಧರ್ಮಾಧ್ಯಕ್ಷರದ್ದು. ಒಮ್ಮೆ ಕೊಟ್ಟ ಅನುಮತಿ, ಕಾರಣವಾದ ಸ್ಥಿತಿ ಇರುವವರೆಗೆ ನಡೆಯುತ್ತದೆ. ಅದೂ ಆಗದ ಭಕ್ತರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ಸ್ವೀಕರಿಸಬಹುದು. ಕ್ರಿಸ್ತರು ಎರಡರಲ್ಲಿ ಯಾವ ರೂಪದಲ್ಲೂ ಪೂರ್ಣವಾಗಿದ್ದಾರೆ ಎಂಬುದು ನಮ್ಮ ವಿಶ್ವಾಸ, ಆದ್ದರಿಂದ ಸ್ವೀಕರಿಸಿದವರಿಗೆ ಕಡಿಮೆಯಾಗುವುದು ಏನೂ ಇಲ್ಲ.

ಗುರುಗಳಾಗಲು ಬಯಸುವವರಿಗೆ ವಿಷಯ ಕಠಿಣ. 1995ರ ಪತ್ರ ಇಂತಹ ಅಭ್ಯರ್ಥಿಗಳಿಗೆ ಗುರುದೀಕ್ಷೆಯ ಬಾಗಿಲನ್ನೇ ಮುಚ್ಚಿತ್ತು. 2003ರ ಪತ್ರ ಅದನ್ನು ಮೃದುಗೊಳಿಸಿ, ತುಂಬಾ ಎಚ್ಚರಿಕೆಯಿಂದ ಮುಂದುವರಿಯಬೇಕು ಎಂದಿತು. ಈಗಾಗಲೇ ಗುರುಗಳಾಗಿದ್ದು ಆಮೇಲೆ ಕಾಯಿಲೆ ತಿಳಿದವರು ಕಡಿಮೆ ಗ್ಲುಟೆನ್ ಓಸ್ತಿಯನ್ನೂ ತಾಳಲಾರದಿದ್ದರೆ ಒಬ್ಬರೇ ಬಲಿಪೂಜೆ ಅರ್ಪಿಸುವಂತಿಲ್ಲ. ಅನುಮತಿ ಪಡೆದು ಸಹ ಬಲಿಪೂಜೆಯಲ್ಲಿ ದ್ರಾಕ್ಷಾರಸದ ರೂಪದಲ್ಲಿ ಸ್ವೀಕರಿಸಬಹುದು. ಒಬ್ಬ ಗುರುವಿಗೆ ಇದು ಎಷ್ಟು ನೋವಿನ ಸಂಗತಿ ಎಂದು ಹೇಳಬೇಕಾಗಿಲ್ಲ. ರೋಗವನ್ನು ಮುಚ್ಚಿಟ್ಟು ದಿನವೂ ಓಸ್ತಿ ಸೇವಿಸುವವರು ಇದ್ದರೂ ಆಶ್ಚರ್ಯವಿಲ್ಲ.

ಸಾಕ್ರಿಸ್ತಿಯಲ್ಲಿ ಗಮನಿಸಬೇಕಾದದ್ದು ಇಷ್ಟು. ಕಡಿಮೆ ಗ್ಲುಟೆನ್ ಓಸ್ತಿಯನ್ನು ಬೇರೆ ಓಸ್ತಿಗಳ ಜೊತೆ ಒಂದೇ ಪಾತ್ರೆಯಲ್ಲಿ ಇಡಬಾರದು, ಚಿಕ್ಕ ಮುಚ್ಚಳದ ಪಾತ್ರೆಯಲ್ಲಿ ಪ್ರತ್ಯೇಕ ಇರಲಿ. ಪೂಜೆಯ ಸಮಯದಲ್ಲಿ ಗುರುಗಳು ಓಸ್ತಿಯ ಚೂರೊಂದನ್ನು ಪಾನಪಾತ್ರೆಗೆ ಹಾಕುತ್ತಾರೆ, ಆದ್ದರಿಂದ ಸೀಲಿಯಾಕ್ ಇರುವವರಿಗೆ ಕೊಡುವ ದ್ರಾಕ್ಷಾರಸ ಬೇರೆ ಪಾತ್ರೆಯಲ್ಲಿರಬೇಕು. ಆ ಪಾತ್ರೆಯಲ್ಲಿ ಓಸ್ತಿ ಅದ್ದಿ ಬೇರೆಯವರಿಗೆ ಕೊಡಬಾರದು, ಬೇರೆಯವರು ಅದರಿಂದ ಕುಡಿಯುವುದಾದರೆ ಇವರಿಗೇ ಮೊದಲು ಕೊಡಬೇಕು. ಓಸ್ತಿ ಹಂಚಿದ ಕೈಯಿಂದಲೇ ಕೊಡದೆ ಪಾತ್ರೆಯನ್ನು ಅವರ ಕೈಗೇ ನೀಡುವುದು ಉತ್ತಮ. ಯಾರಿಗೆ ಬೇಕು ಎಂಬುದನ್ನು ಪೀಠದಿಂದ ಕೂಗಿ ಕೇಳಬೇಡಿ. ವಾಳೆಯ ಗುರಿಕಾರರ ಮೂಲಕ ಮೊದಲೇ ತಿಳಿದುಕೊಂಡು, ಅವರು ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆಂದು ಮಾತಾಡಿಕೊಂಡರೆ ಸಾಕು.